ಜುಕಿನಿಗಿಂತ ಮೊದಲು ಚೆಂಡುಹೂವು ಬಿತ್ತಿ

ಕುಂಬಳದ ಜಾತಿಯ ತರಕಾರಿಯಾದ ಜುಕಿನಿಯ ಹೀಚು ಹಳದಿಯಾಗಿ ಉದುರತೊಡಗಿದರೆ ಗೊಬ್ಬರ ಸಾಲದೆಂದು ಭಾವಿಸುವವರೇ ಹೆಚ್ಚು. ಆದರೆ ಬಹಳಷ್ಟು ಸಲ ಪರಾಗಸ್ಪರ್ಶ ಆಗದಿರುವುದೇ ಅದಕ್ಕೆ ಕಾರಣ. ಈ ಗಿಡದಲ್ಲಿ ಗಂಡು ಹೂವು ಮತ್ತು ಹೆಣ್ಣು ಹೂವು ಬೇರೆ ಬೇರೆಯಾಗಿದ್ದು, ಎರಡೂ ಮುಂಜಾನೆ ಅರಳಿ ಮಧ್ಯಾಹ್ನದ ಹೊತ್ತಿಗೆ ಮುದುಡುವುದರಿಂದ, ಜೇನುನೊಣಗಳು ಆ ಕೆಲವೇ ಗಂಟೆಗಳಲ್ಲಿ ಬರಬೇಕು. ಆದ್ದರಿಂದ ಬೆಂಗಳೂರು, ಮೈಸೂರುಗಳ ತಾರಸಿಯಲ್ಲಿ ಇದನ್ನು ಬೆಳೆಯುವವರು ಸೆಪ್ಟೆಂಬರ್ ಕೊನೆಯಲ್ಲಿ ಚೆಂಡುಹೂವು, ಜಿನ್ನಿಯಾಗಳನ್ನು ಬಿತ್ತಿ, ಸುಮಾರು ಮೂರು ವಾರಗಳ ನಂತರ ಜುಕಿನಿ ಬೀಜ ಊರುವುದು ಒಳ್ಳೆಯದು. ಹೀಗೆ ಮಾಡಿದರೆ ಜುಕಿನಿ ಹೂ ಬಿಡುವ ವೇಳೆಗೆ ಜೇನಿನ ಓಡಾಟ ಶುರುವಾಗಿರುತ್ತದೆ.

ಹಾರಕ್ಕೆ ಬಳಸುವ ದೊಡ್ಡ ಚೆಂಡುಹೂವಿನ ಒತ್ತಾದ ದಳಗಳ ನಡುವೆ ಜೇನಿಗೆ ಪರಾಗ ಸುಲಭವಾಗಿ ಸಿಗದು. ಒಂದೆರಡು ಸುತ್ತು ದಳಗಳಿರುವ ಗಿಡ್ಡ ತಳಿಯೇ ಈ ಕೆಲಸಕ್ಕೆ ವಾಸಿ. ಪ್ರೋಟ್ರೇಯಲ್ಲಿ (ಸಸಿ ಬೆಳೆಸುವ ಗುಳಿಗಳಿರುವ ತಟ್ಟೆ) ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮತ್ತು ಎರೆಗೊಬ್ಬರ ತುಂಬಿ, ಗುಳಿಗೊಂದರಂತೆ ಬೀಜವಿಟ್ಟು, ಅರ್ಧ ಸೆಂ.ಮೀ. ಮುಚ್ಚಿ, ಮಳೆ ಬೀಳದ ಕಡೆ ಇಡಿ. ಒಂದು ವಾರದೊಳಗೆ ಮೊಳಕೆ ಕಾಣುತ್ತದೆ. ಮೂರ್ನಾಲ್ಕು ವಾರದ ಸಸಿಯನ್ನು ಕುಂಡಕ್ಕೆ ನೆಟ್ಟು, ಬೇರೂರಿದ ಮೇಲೆ ತುದಿಕುಡಿ ಚಿವುಟಿದರೆ ಕವಲು ಹೆಚ್ಚುತ್ತದೆ. ಜಿನ್ನಿಯಾವನ್ನು ನೇರವಾಗಿ ಕುಂಡದಲ್ಲೇ ಬಿತ್ತಬಹುದು.

ಜುಕಿನಿಯ ಬೇರು ಕದಲಿದರೆ ಗಿಡ ಸೊರಗುವುದರಿಂದ ಅದಕ್ಕೆ ಟ್ರೇ ಬೇಡ. ಕನಿಷ್ಠ 15 ಇಂಚು ಅಗಲ, ಅಷ್ಟೇ ಆಳದ ಗ್ರೋಬ್ಯಾಗಿಗೆ ಕೆಂಪು ಮಣ್ಣು, ಕಳಿತ ಕೊಟ್ಟಿಗೆ ಗೊಬ್ಬರ, ಕೋಕೋಪೀಟ್‌ಗಳನ್ನು ಸಮನಾಗಿ ಬೆರೆಸಿ ತುಂಬಿ, ಒಂದು ಹಿಡಿ ಬೇವಿನ ಹಿಂಡಿ ಸೇರಿಸಿ, ಎರಡು ಸೆಂ.ಮೀ. ಆಳದಲ್ಲಿ ಎರಡು ಬೀಜ ಊರಿ. ಎರಡೂ ಮೊಳೆತರೆ ಬಡಕಲು ಸಸಿಯನ್ನು ಕೀಳದೆ, ಬುಡದಲ್ಲಿ ಕತ್ತರಿಸಿ ತೆಗೆಯಿರಿ. ಎಲೆಯ ಮೇಲೆ ನೀರು ಚಿಮುಕಿಸದೆ ಬುಡಕ್ಕೇ ಹಾಕಿ; ಬೂದಿರೋಗದ ಬಿಳಿ ಮಚ್ಚೆ ಕಂಡ ಹಳೆಯ ಎಲೆಗಳನ್ನು ಕೂಡಲೇ ಕಿತ್ತು ದೂರ ಎಸೆಯಿರಿ.

ಸಾಮಾನ್ಯವಾಗಿ ಆರು ವಾರದೊಳಗೆ ಹೂ ಬರುತ್ತದೆ. ಮೊದಲು ಬರುವವು ಬಹುತೇಕ ಗಂಡು ಹೂಗಳಾದ್ದರಿಂದ, ಅವು ಉದುರಿದರೆ ಚಿಂತೆ ಬೇಡ. ಹೆಣ್ಣು ಹೂವಿನ ಕೆಳಗೆ ಬೆರಳಿನಷ್ಟು ಪುಟ್ಟ ಕಾಯಿ ಇರುತ್ತದೆ. ಗಂಡು ಹೂವಿನದು ಬರೀ ತೆಳು ತೊಟ್ಟು. ಜೇನು ಕಾಣದ ದಿನ ಬೆಳಿಗ್ಗೆ ಒಂಬತ್ತರೊಳಗೆ ಗಂಡು ಹೂವನ್ನು ಕಿತ್ತು, ದಳ ಬಿಡಿಸಿ, ಹಳದಿ ಪುಡಿ ಮೆತ್ತಿದ ಕೇಸರವನ್ನು ಹೆಣ್ಣು ಹೂವಿನ ನಡುವೆ ಇರುವ, ಪರಾಗ ಹಿಡಿಯುವ ಶಲಾಕಾಗ್ರಕ್ಕೆ ಮೆಲ್ಲನೆ ಸವರಿ. ಕಾಯಿ ಕಟ್ಟಿದರೆ ವಾರದೊಳಗೆ ಗೇಣುದ್ದ ಬೆಳೆಯುತ್ತದೆ. ಆಗಲೇ ಚಾಕುವಿನಿಂದ ತೊಟ್ಟು ಸಮೇತ ಕೊಯ್ಯಿರಿ. ಇನ್ನಷ್ಟು ದಪ್ಪವಾಗಲೆಂದು ಬಿಟ್ಟರೆ ಬೀಜ ಬಲಿತು ರುಚಿ ಕೆಡುತ್ತದೆ, ಗಿಡವೂ ಹೊಸ ಕಾಯಿ ಬಿಡುವುದನ್ನು ಕಡಿಮೆ ಮಾಡುತ್ತದೆ.