512 ಎಂಬಿಗೆ ಇಳಿಸಿದ ಮೇಲೆ ಸಿಕ್ಕಿಬಿದ್ದ ಡ್ರೈವರ್ ದೋಷ

ಒಂದು ಕಂಪನಿಯ ನೆಟ್‌ವರ್ಕ್ ಡ್ರೈವರ್‌ನಲ್ಲಿದ್ದ ದೋಷವನ್ನು ಹುಡುಕಿಕೊಡುವ ಕೆಲಸ ನನಗೆ ಬಂದಿತ್ತು. ವಿಎಂಗೆ (ಒಂದು ಯಂತ್ರದೊಳಗೆ ಓಡುವ ವರ್ಚುವಲ್ ಕಂಪ್ಯೂಟರಿಗೆ) ಮೆಮೊರಿ ಕಡಿಮೆ ಮಾಡಿ ಅದನ್ನು ಹಿಡಿಯುತ್ತೇನೆ ಎಂದಾಗ ಆ ಕಂಪನಿಯ ಎಂಜಿನಿಯರುಗಳಿಬ್ಬರೂ ಒಪ್ಪಲಿಲ್ಲ. ‘ಸರ್, ಇದು ಹೈಪರ್‌ವೈಸರ್ ತೊಂದರೆ, ನಮ್ಮ ಡ್ರೈವರ್‌ದಲ್ಲ’ ಎಂಬುದು ಅವರ ಒಂದೇ ಮಾತು. ಹೈಪರ್‌ವೈಸರ್ ಎಂದರೆ ವಿಎಂಗಳನ್ನು ಓಡಿಸುವ ತಂತ್ರಾಂಶ. ಈಗ ಅದೇ ಡ್ರೈವರ್ ಹದಿನಾರು ಸಾವಿರ ಸಲ ಮಲಗಿ ಎದ್ದಿದೆ, ಒಮ್ಮೆಯೂ ಬಿದ್ದಿಲ್ಲ. ಆ ಧೈರ್ಯದಿಂದ ಬರೆಯುತ್ತಿದ್ದೇನೆ.

ವರ್ಟಿಯೋ-ನೆಟ್ ಎಂಬ, ವಿಎಂಗಳಿಗಾಗಿರುವ ಲಿನಕ್ಸ್ ನೆಟ್‌ವರ್ಕ್ ಡ್ರೈವರ್‌ನ ಹಳೆಯ ಕೋಡನ್ನು ಮುಂದಿಟ್ಟುಕೊಂಡು ಬರೆದ, ಲಿನಕ್ಸ್‌ನ ಮುಖ್ಯ ಕರ್ನಲ್‌ಗೆ (ಒಳತಿರುಳಿಗೆ) ಸೇರದ ಡ್ರೈವರ್ ಅದು. ಕೆವಿಎಂ (ಲಿನಕ್ಸ್‌ನ ಹೈಪರ್‌ವೈಸರ್) ಮೇಲಿನ ಲಿನಕ್ಸ್ ಗೆಸ್ಟ್, ಎಂದರೆ ವಿಎಂ ಒಳಗಿನ ಲಿನಕ್ಸ್, ಸಸ್ಪೆಂಡ್ ಆಗಿ (ನಿದ್ರೆಗೆ ಜಾರಿ) ಎದ್ದ ಅರೆಕ್ಷಣದಲ್ಲಿ ಪ್ಯಾನಿಕ್ ಆಗಿ ಪೂರ್ತಿ ನಿಂತುಬಿಡುತ್ತಿತ್ತು. ಕಂಪನಿಯ ಲ್ಯಾಬಿನಲ್ಲಿ ಎರಡು ವಾರಕ್ಕೊಮ್ಮೆ ಕಾಣಿಸಿಕೊಂಡರೆ, ಅವರ ಗ್ರಾಹಕರ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚುಕಡಿಮೆ ದಿನವೂ. ಈ ವ್ಯತ್ಯಾಸವನ್ನು ಮೊದಲ ದಿನವೇ ಕೇಳಿ ಬರೆದಿಟ್ಟುಕೊಂಡಿದ್ದೆ. ಅದರ ಅರ್ಥ ಹೊಳೆಯಲು ಮೂರು ವಾರ ಹಿಡಿಯಿತು.

ಒಪ್ಪಂದ ₹90,000ದ್ದು. ₹20,000 ಮುಂಗಡ, ಉಳಿದದ್ದು ದೋಷ ಸಿಕ್ಕಿದರೆ ಮಾತ್ರ. ನಾನು ಮಾಡಿದ ಮೊದಲ ಕೆಲಸವೇ ದುಬಾರಿಯಾಯಿತು. ಲ್ಯಾಬಿನಲ್ಲಿದ್ದ 64 ಜಿಬಿಯ ವಿಎಂಗಳನ್ನೇ ಮನೆಯಲ್ಲಿ ಕಟ್ಟಬೇಕೆಂದು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಹಳೆಯ ಸರ್ವರ್ ಒಂದನ್ನು ₹62,000 ಕೊಟ್ಟು ತಂದೆ. ಯಂತ್ರ ಚೆನ್ನಾಗಿಯೇ ಇತ್ತು. ಆದರೆ ಒಂದು ರಾತ್ರಿಯ ಮೂರು ಸಾವಿರ ಸುತ್ತುಗಳಲ್ಲಿ (ಒಮ್ಮೆ ಮಲಗಿಸಿ ಎಬ್ಬಿಸಿದರೆ ಒಂದು ಸುತ್ತು) ಒಂದೇ ಒಂದು ಪ್ಯಾನಿಕ್! ಕೊನೆಗೆ ದೋಷ ಸಿಕ್ಕಿದ್ದು ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ. ಸರ್ವರನ್ನು ₹47,000ಕ್ಕೆ ಮಾರಿದೆ.

ಅದಕ್ಕೂ ಮೊದಲು ಮೂರು ದಿನ ವಿಎಂಗಳನ್ನು ನಿಯಂತ್ರಿಸುವ ವಿರ್ಶ್ ಉಪಕರಣದ ಬರೀ ಸಸ್ಪೆಂಡ್ ಆದೇಶದಲ್ಲಿ ಕಳೆದುಹೋಗಿದ್ದವು. ಅದು ವಿಸಿಪಿಯುಗಳನ್ನು (ವಿಎಂನ ವರ್ಚುವಲ್ ಸಿಪಿಯುಗಳನ್ನು) ನಿಲ್ಲಿಸುತ್ತದೆ ಅಷ್ಟೆ; ಗೆಸ್ಟ್‌ಗೆ ತಾನು ಮಲಗಿದ್ದೇ ತಿಳಿಯುವುದಿಲ್ಲ, ಮಲಗುವ ಮೊದಲು ಓಡಬೇಕಾದ ಡ್ರೈವರ್‌ನ ಫ್ರೀಜ್ ಫಂಕ್ಷನ್ ಓಡುವುದೇ ಇಲ್ಲ. ಕಂಪನಿಯ ವರದಿಯಲ್ಲಿ ‘ಸಸ್ಪೆಂಡ್’ ಎಂದಷ್ಟೇ ಇತ್ತು, ನಾನೂ ಯಾವ ಸಸ್ಪೆಂಡ್ ಎಂದು ಕೇಳಲಿಲ್ಲ. ಆಮೇಲೆ ಗೆಸ್ಟ್ ಒಳಗಿನಿಂದಲೇ ಆರ್‌ಟಿಸಿವೇಕ್ ಆದೇಶ ಬಳಸಿ ಮೂರು ಸೆಕೆಂಡು ಮಲಗಿಸಿ ಎಬ್ಬಿಸತೊಡಗಿದೆ. ಕರ್ನಲ್ ಲಾಗನ್ನು ನೆಟ್‌ವರ್ಕ್ ಮೂಲಕ ಕಳುಹಿಸುವ ನೆಟ್‌ಕನ್ಸೋಲ್ ನಂಬಿ ಇನ್ನೊಂದು ದಿನ ಹೋಯಿತು. ಸಾಯುತ್ತಿರುವುದೇ ನೆಟ್‌ವರ್ಕ್ ಆಗಿರುವಾಗ ಅದರ ಮೂಲಕ ಲಾಗ್ ಬರುವುದೆಲ್ಲಿಂದ? ಸೀರಿಯಲ್ ಕನ್ಸೋಲನ್ನು ಹೋಸ್ಟ್‌ನ (ವಿಎಂ ಓಡುವ ಯಂತ್ರದ) ಕಡತಕ್ಕೆ ತಿರುಗಿಸಿ, ಮಲಗುವಾಗಲೂ ಕನ್ಸೋಲ್ ಮುಚ್ಚದಂತೆ ಮಾಡುವ ನೋ-ಕನ್ಸೋಲ್-ಸಸ್ಪೆಂಡ್ ಆಯ್ಕೆ ಹಾಕಿದ ಮೇಲೆಯೇ ಕಣ್ಣು ತೆರೆದಂತಾಯಿತು.

ಟ್ರಾಫಿಕ್ ಯಾವ ದಿಕ್ಕಿನಲ್ಲಿ ಹೋಗುತ್ತದೆ ಎಂಬುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಅವರ ಪರೀಕ್ಷೆಯಲ್ಲಿ ಗೆಸ್ಟ್ ಕಳುಹಿಸುತ್ತಿತ್ತು. ಸಸ್ಪೆಂಡ್ ಶುರುವಾದೊಡನೆ ಕರ್ನಲ್ ಮೊದಲು ಯೂಸರ್ ಪ್ರೋಸೆಸ್‌ಗಳನ್ನು ಹೆಪ್ಪುಗಟ್ಟಿಸುತ್ತದೆ, ಆಮೇಲೆ ಸಾಧನಗಳ ಸರದಿ. ಹಾಗಾಗಿ ಡ್ರೈವರ್‌ನ ಸರದಿ ಬರುವ ಹೊತ್ತಿಗೆ ಕಳುಹಿಸುವವನೇ ನಿಂತಿರುತ್ತಾನೆ. ನಾನು ಹೋಸ್ಟ್‌ನಿಂದ ಗೆಸ್ಟ್‌ಗೆ ಐಪರ್ಫ್ ಎಂಬ ಪರೀಕ್ಷಾ ಉಪಕರಣದಲ್ಲಿ ಯುಡಿಪಿ ಪ್ಯಾಕೆಟ್‌ಗಳನ್ನು ಸುರಿಸಿದೆ. ಟಿಸಿಪಿ ಆದರೆ ಓದುವವನು ನಿಂತೊಡನೆ ವಿಂಡೋ (ಓದುವವನು ಕೊಟ್ಟ ಮಿತಿ) ತುಂಬಿ ತಾನೂ ನಿಲ್ಲುತ್ತದೆ. ಯುಡಿಪಿಗೆ ಆ ದಾಕ್ಷಿಣ್ಯವಿಲ್ಲ. ಮೂರು ಸಾವಿರಕ್ಕೊಂದು ಇದ್ದದ್ದು ಇನ್ನೂರಕ್ಕೊಂದಕ್ಕೆ ಬಂತು.

ಪ್ಯಾನಿಕ್ ಲಾಗಿನ ಸ್ಟ್ಯಾಕ್‌ನಲ್ಲಿ (ಯಾವ ಫಂಕ್ಷನ್ ಯಾವುದನ್ನು ಕರೆಯಿತು ಎಂಬ ಪಟ್ಟಿಯಲ್ಲಿ) ಡ್ರೈವರ್‌ನ ರೆಸ್ಯೂಮ್ ಫಂಕ್ಷನ್ ಕಾಣುತ್ತಿರಲಿಲ್ಲ, ಒಂದು ಕೆವರ್ಕರ್ (ಕರ್ನಲ್‌ನ ಹಿನ್ನೆಲೆ ಕೆಲಸಗಾರ) ಮಾತ್ರ. ಎಂಜಿನಿಯರುಗಳು ಹೈಪರ್‌ವೈಸರ್ ಕಡೆ ಬೆರಳು ತೋರಿಸಲು ಇದೇ ಕಾರಣ. ನಾನು ಆ ಕೆವರ್ಕರ್ ಹಿಡಿದು ಹಿಂದಕ್ಕೆ ಹೋದೆ. ಸಿಕ್ಕಿದ್ದು ರೀಫಿಲ್ ವರ್ಕ್, ಎಂದರೆ ರಿಸೀವ್ ಬಫರ್‌ಗಳನ್ನು ಮತ್ತೆ ತುಂಬುವ ಹಿನ್ನೆಲೆ ಕೆಲಸ. ನ್ಯಾಪಿ ಪೋಲ್‌ನಲ್ಲಿ (ಬಂದ ಪ್ಯಾಕೆಟ್‌ಗಳನ್ನು ಕರ್ನಲ್ ಎತ್ತಿಕೊಳ್ಳುವಲ್ಲಿ) ರಿಸೀವ್ ಬಫರ್‌ಗೆ ಮೆಮೊರಿ ಸಿಗದಿದ್ದರೆ ಮಾತ್ರ ಅದಕ್ಕೆ ಕೆಲಸ. 64 ಜಿಬಿ ಇರುವಲ್ಲಿ ಮೆಮೊರಿ ಸಿಗದಿರುವುದು ಯಾವಾಗ? ಲ್ಯಾಪ್‌ಟಾಪ್‌ಗಳಲ್ಲಿ ದಿನವೂ ಏಕೆ ಎಂಬ ಮೊದಲ ದಿನದ ಪ್ರಶ್ನೆಗೆ ಉತ್ತರ ಅಲ್ಲಿತ್ತು. ಅಂದು ರಾತ್ರಿಯೇ ಗೆಸ್ಟನ್ನು 512 ಎಂಬಿಗೆ ಇಳಿಸಿ ಕಾಸಾನ್ (ಮೆಮೊರಿಯ ತಪ್ಪು ಬಳಕೆಯನ್ನು ಹಿಡಿಯುವ ಕರ್ನಲ್ ಉಪಕರಣ) ಹಾಕಿದೆ. ಅದು ಎಂಟನೇ ಒಂದು ಭಾಗವನ್ನು, ಎಂದರೆ 64 ಎಂಬಿಯನ್ನು, ತಾನೇ ನುಂಗುತ್ತದೆ. ನನಗೆ ಅದೂ ಅನುಕೂಲವೇ. ಹದಿನೈದು ಸುತ್ತಿಗೊಂದು ಪ್ಯಾನಿಕ್. ಉಳಿದ ಮೆಮೊರಿಯನ್ನು ತಿನ್ನಲು ಒಂದು ಪುಟ್ಟ ಪ್ರೋಗ್ರಾಂ ಬರೆದ ಮೇಲೆ ಮೂರು ನಾಲ್ಕು ಸುತ್ತಿಗೇ. ಆ ಪ್ರೋಗ್ರಾಂ ಎಷ್ಟು ತಿನ್ನಬೇಕು, ಯಾವಾಗ ಬಿಡಬೇಕು ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಅದು ನನ್ನ ಹೊಟ್ಟೆಪಾಡು.

ಫಾಲ್ಟ್ ಇಂಜೆಕ್ಷನ್ (ಬೇಕೆಂದೇ ದೋಷ ಹುಟ್ಟಿಸುವ ಕರ್ನಲ್ ಸೌಲಭ್ಯ) ಮೂಲಕ ಪೇಜ್ ಅಲೊಕೇಶನ್‌ಗಳನ್ನು, ಎಂದರೆ ಮೆಮೊರಿ ಹಂಚಿಕೆಯನ್ನು, ಸೋಲಿಸಿಯೂ ನೋಡಿದೆ. ಕೆಲಸ ಮಾಡುತ್ತದೆ, ಆದರೆ ಸಂಬಂಧವಿಲ್ಲದ ಬೇರೆ ಡ್ರೈವರ್‌ಗಳೂ ಕೂಗಾಡಿ ಲಾಗ್ ಕಲಸುಮೇಲೋಗರವಾಯಿತು, ಬಿಟ್ಟೆ. ಒಂದೇ ವಿಸಿಪಿಯು ಕೊಟ್ಟಾಗ ಪ್ಯಾನಿಕ್ ಕಡಿಮೆಯಾಯಿತು, ನಿಲ್ಲಲಿಲ್ಲ. ಅವರ ಡ್ರೈವರ್ ಬಿಟ್ಟು ಇ1000 ಎಂಬ ಬೇರೆ ನೆಟ್‌ವರ್ಕ್ ಕಾರ್ಡಿಗೆ ಬದಲಿಸಿದಾಗ ಒಮ್ಮೆಯೂ ಬೀಳಲಿಲ್ಲ. ಹೈಪರ್‌ವೈಸರ್ ವಾದ ನನ್ನ ಮಟ್ಟಿಗೆ ಅಲ್ಲಿಗೆ ಮುಗಿಯಿತು.

ಎಂಜಿನಿಯರುಗಳನ್ನು ಒಪ್ಪಿಸಿದ್ದು ಪಿಎಂ-ಟೆಸ್ಟ್, ಸಸ್ಪೆಂಡನ್ನು ಹಂತಹಂತವಾಗಿ ಪರೀಕ್ಷಿಸುವ ಕರ್ನಲ್ ಸೌಲಭ್ಯ. ಅದನ್ನು ‘ಡಿವೈಸಸ್’ ಹಂತದಲ್ಲಿಟ್ಟರೆ ಸಾಧನಗಳು ಮಾತ್ರ ಮಲಗುತ್ತವೆ, ಕರ್ನಲ್ ಐದು ಸೆಕೆಂಡು ಕಾದು ಮತ್ತೆ ಎಬ್ಬಿಸುತ್ತದೆ. ವೀಡಿಯೊ ಕರೆಯಲ್ಲಿ ಪರದೆ ತೋರಿಸುತ್ತಾ ಓಡಿಸಿದೆ. ಆ ಐದು ಸೆಕೆಂಡಿನೊಳಗೇ ಕಾಸಾನ್ ಯೂಸ್-ಆಫ್ಟರ್-ಫ್ರೀ (ಬಿಟ್ಟುಕೊಟ್ಟ ಮೆಮೊರಿಯನ್ನು ಮತ್ತೆ ಮುಟ್ಟಿದ ತಪ್ಪು) ಎಂದಿತು. ಎಬ್ಬಿಸುವ ಮಾತೇ ಬಂದಿರಲಿಲ್ಲ, ಹೈಪರ್‌ವೈಸರ್ ಏನನ್ನೂ ಮುಟ್ಟಿರಲಿಲ್ಲ. ಆ ಮೆಮೊರಿಯನ್ನು ಬಿಟ್ಟುಕೊಟ್ಟವರು ಯಾರೆಂದು ತೋರಿಸುವ ಸ್ಟ್ಯಾಕ್‌ನಲ್ಲಿ ಅವರದೇ ಫ್ರೀಜ್ ಫಂಕ್ಷನ್. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಆದದ್ದು ಇಷ್ಟು. ಫ್ರೀಜ್‌ನಲ್ಲಿ ಮೊದಲು ರೀಫಿಲ್ ರದ್ದು, ಆಮೇಲೆ ನ್ಯಾಪಿ ಬಂದ್. ಇವೆರಡರ ನಡುವಿನ ಸಂದಿಯಲ್ಲಿ ನ್ಯಾಪಿ ಮತ್ತೆ ರೀಫಿಲ್ ಅನ್ನು ಸರದಿಗೆ ಹಾಕುತ್ತಿತ್ತು. ರಿಂಗ್‌ಗಳು (ಬಫರ್‌ಗಳ ಸಾಲುಗಳು) ಹೋದವು, ವರ್ಕ್ ಉಳಿಯಿತು. ಅದು ಅರ್ಧ ಸೆಕೆಂಡು ತಡೆದು ಓಡುವ ವರ್ಕ್. ನಿದ್ರೆಯಲ್ಲಿ ಟೈಮರ್ ನಿಲ್ಲುವುದರಿಂದ ಎದ್ದ ಮೇಲೆ ಸಿಡಿಯುತ್ತಿತ್ತು. ಕ್ರಮ ಅದಲುಬದಲು ಮಾಡಿದರೆ ಸಾಲದು, ಏಕೆಂದರೆ ರೀಫಿಲ್ ತಾನೇ ನ್ಯಾಪಿಯನ್ನು ಮತ್ತೆ ತೆರೆಯುತ್ತದೆ. ಅವರ ಎಂಜಿನಿಯರ್ ಅದನ್ನೇ ಮಾಡಿ ಎರಡು ದಿನ ಕಳೆದರು. ವರ್ಟಿಯೋ-ನೆಟ್‌ನಲ್ಲಿ ಇದೇ ಕಾಯಿಲೆಗೆ 2022ರಲ್ಲಿ ಮದ್ದು ಬಂದಿದೆ: ರೀಫಿಲ್‌ಗೆ ಅನುಮತಿ ಇದೆಯೇ ಎಂದು ಹೇಳುವ ಒಂದು ಬೂಲಿಯನ್ (ಹೌದು-ಅಲ್ಲ ಗುರುತು), ಅದಕ್ಕೊಂದು ಲಾಕ್. ಇವರು ನಕಲು ಮಾಡಿದ್ದು ಅದಕ್ಕಿಂತ ಹಿಂದಿನ ಕೋಡು. ಸುಮಾರು ಇಪ್ಪತ್ತು ಸಾಲಿನ ಪ್ಯಾಚ್ ಸಾಕಾಯಿತು.

ಸುತ್ತಿಗೆ ಎಂಟು ಸೆಕೆಂಡಿನಂತೆ ಒಂದೂವರೆ ದಿನ ಓಡಿಸಿ ಲಾಗ್ ಕಳುಹಿಸಿದೆ. ಉಳಿದ ₹70,000 ಮರುವಾರ ಬಂತು. ಮೊದಲು ಒಪ್ಪದಿದ್ದವರಲ್ಲಿ ಒಬ್ಬರು ಈಗ ಮೆಮೊರಿ ತಿನ್ನುವ ಆ ಪ್ರೋಗ್ರಾಂ ಕೇಳುತ್ತಿದ್ದಾರೆ. ಹೈಬರ್ನೇಶನ್‌ನಲ್ಲೂ ಇಂಥದ್ದೊಂದು ಇದೆಯಂತೆ; ಆ ಕೆಲಸ ಕೊಡಲಿ, ಆಮೇಲೆ ನೋಡೋಣ ಎಂದಿದ್ದೇನೆ.