ಓಸ್ಲೊದ ನೊಬೆಲ್ ಶಾಂತಿ ಕೇಂದ್ರವನ್ನು ನೋಡುವ ಬಗೆ

ನಾರ್ವೆಯ ರಾಜಧಾನಿ ಓಸ್ಲೊದಲ್ಲಿ, ಪುರಭವನದ ಚೌಕದ ಅಂಚಿಗೆ, ಬಂದರಿನ ಸಮೀಪದಲ್ಲಿ ಒಂದು ಹಳೆಯ ರೈಲು ನಿಲ್ದಾಣವಿದೆ. 1872ರಲ್ಲಿ ಕಟ್ಟಿದ ಆ ನಿಲ್ದಾಣದಲ್ಲಿ ರೈಲುಗಳ ಓಡಾಟ 1989ರಲ್ಲಿ ನಿಂತುಹೋಯಿತು. ಸ್ವೀಡನ್ನಿನೊಂದಿಗಿನ ಒಕ್ಕೂಟದಿಂದ ನಾರ್ವೆ ಹೊರಬಂದು ನೂರು ವರ್ಷವಾದ ಸಂದರ್ಭದಲ್ಲಿ, 2005ರ ಜೂನ್ 11ರಂದು, ಅದೇ ಕಟ್ಟಡ ನೊಬೆಲ್ ಶಾಂತಿ ಕೇಂದ್ರವಾಗಿ ಸಾರ್ವಜನಿಕರಿಗೆ ತೆರೆಯಿತು. ಕಟ್ಟಡ ಅಷ್ಟೇನೂ ದೊಡ್ಡದಲ್ಲ. ಅವಸರದಲ್ಲಿರುವವರು ಒಂದು ಗಂಟೆಯೊಳಗೆ ಸುತ್ತಿ ಹೊರಬರಬಹುದು. ಆದರೆ ಹಾಗೆ ಬಂದವರ ನೆನಪಿನಲ್ಲಿ ಒಂದಷ್ಟು ಮುಖಗಳೂ ಒಂದು ಬಂಗಾರದ ಪದಕವೂ ಉಳಿದಾವೇ ಹೊರತು, ಆ ಮುಖಗಳ ಹಿಂದಿನ ಬದುಕು ದಕ್ಕಲಾರದು. ಅರಮನೆಯನ್ನೋ ಚಿತ್ರಶಾಲೆಯನ್ನೋ ನೋಡಲು ಕಣ್ಣಷ್ಟೇ ಸಾಕಾಗಬಹುದು. ಇಲ್ಲಿಗೆ ಸ್ವಲ್ಪ ಓದಿಕೊಂಡು ಹೋಗಬೇಕಾಗುತ್ತದೆ.

ಓದಬೇಕಾದದ್ದು ಹೆಚ್ಚೇನಿಲ್ಲ. ಆಲ್‌ಫ್ರೆಡ್ ನೊಬೆಲ್ 1895ರ ನವೆಂಬರ್ 27ರಂದು ಪ್ಯಾರಿಸ್ಸಿನಲ್ಲಿ ಸಹಿ ಮಾಡಿದ ಉಯಿಲಿನಲ್ಲಿ ಶಾಂತಿ ಪುರಸ್ಕಾರವನ್ನು ಕುರಿತ ಮಾತು ಬಹಳ ಚಿಕ್ಕದು. ರಾಷ್ಟ್ರಗಳ ನಡುವೆ ಸೋದರತ್ವ ಬೆಳೆಸುವುದು, ಕಾಯಂ ಸೇನೆಗಳನ್ನು ರದ್ದುಪಡಿಸುವುದು ಇಲ್ಲವೇ ಕಡಿತಗೊಳಿಸುವುದು, ಶಾಂತಿ ಸಮ್ಮೇಳನಗಳನ್ನು ನಡೆಸಿ ಉತ್ತೇಜಿಸುವುದು, ಈ ಮೂರರಲ್ಲಿ ಅತ್ಯಂತ ಹೆಚ್ಚಿನ ಅಥವಾ ಅತ್ಯುತ್ತಮ ಕೆಲಸ ಮಾಡಿದವರಿಗೆ ಪುರಸ್ಕಾರ ಸಲ್ಲಬೇಕೆಂದು ಅವರು ಬರೆದರು. ಪುರಸ್ಕೃತರನ್ನು ಆರಿಸುವ ಹೊಣೆಯನ್ನು ನಾರ್ವೆಯ ಸಂಸತ್ತು ನೇಮಿಸುವ ಐದು ಮಂದಿಯ ಸಮಿತಿಗೆ ವಹಿಸಿದರು. ಈ ಮೂರು ಷರತ್ತುಗಳನ್ನು ಒಂದು ಚೀಟಿಯಲ್ಲಿ ಬರೆದು ಜೇಬಿನಲ್ಲಿ ಇಟ್ಟುಕೊಳ್ಳಿ ಎಂಬುದು ನನ್ನ ಮೊದಲ ಸಲಹೆ. ಒಳಗೆ ಕಾಣುವ ಪ್ರತಿಯೊಂದು ಹೆಸರನ್ನೂ ಈ ಚೀಟಿಯ ಪಕ್ಕದಲ್ಲಿಟ್ಟು ನೋಡಿದರೆ, ಶಾಂತಿ ಎಂಬ ಪದದ ಅರ್ಥ ನೂರಿಪ್ಪತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಎಷ್ಟು ಹಿಗ್ಗಿದೆ ಎಂಬುದು ತಾನಾಗಿಯೇ ತಿಳಿಯುತ್ತದೆ. ಕೀನ್ಯದಲ್ಲಿ ಗಿಡ ನೆಡಿಸಿದ ವಂಗಾರಿ ಮಾಥಾಯ್ (2004), ಹಸಿವಿನ ವಿರುದ್ಧ ಕೆಲಸ ಮಾಡುವ ವಿಶ್ವ ಆಹಾರ ಕಾರ್ಯಕ್ರಮ (2020), ಪತ್ರಕರ್ತರಾದ ಮರಿಯಾ ರೆಸ್ಸಾ ಮತ್ತು ದ್ಮಿತ್ರಿ ಮುರಾತೊವ್ (2021), ಇವರಲ್ಲಿ ಯಾರೂ ಸೇನೆಯನ್ನು ಕಡಿತಗೊಳಿಸಿದವರಲ್ಲ. ಹಾಗಿದ್ದೂ ಇವರಿಗೆ ಪುರಸ್ಕಾರ ಸಂದದ್ದು ಸರಿಯೇ, ಸರಿಯಾದರೆ ಏಕೆ, ಎಂದು ಕೇಳಿಕೊಳ್ಳುತ್ತ ನಡೆಯುವುದರಲ್ಲೇ ಈ ಭೇಟಿಯ ಸಾರವಿದೆ ಎಂದು ನನಗನಿಸುತ್ತದೆ.

ಎರಡನೆಯದಾಗಿ, ಎಲ್ಲ ಪುರಸ್ಕೃತರನ್ನೂ ಒಂದೇ ದಿನದಲ್ಲಿ ಅರಿಯುವ ಆಸೆಯನ್ನು ಬಿಟ್ಟುಬಿಡಿ. ಮೂರು ನಾಲ್ಕು ಹೆಸರುಗಳನ್ನು ಮೊದಲೇ ಆರಿಸಿಕೊಳ್ಳುವುದು ಒಳ್ಳೆಯದು, ಅದರಲ್ಲೂ ಒಬ್ಬರಿನ್ನೊಬ್ಬರೊಡನೆ ವಾದಕ್ಕೆ ಇಳಿಯಬಲ್ಲ ಹೆಸರುಗಳಾದರೆ ಇನ್ನೂ ಒಳ್ಳೆಯದು. 1901ರ ಮೊಟ್ಟಮೊದಲ ಪುರಸ್ಕಾರವೇ ಅಂಥದೊಂದು ಜೋಡಿಯನ್ನು ಕೊಡುತ್ತದೆ. ಸೊಲ್ಫೆರಿನೊ ರಣರಂಗದಲ್ಲಿ ನರಳುತ್ತಿದ್ದ ಗಾಯಾಳುಗಳನ್ನು ಕಂಡು ರೆಡ್‌ಕ್ರಾಸ್ ಹುಟ್ಟಿಗೆ ಕಾರಣರಾದ ಆಂರಿ ಡ್ಯುನಾನ್ ಒಬ್ಬರು. ದೇಶಗಳ ನಡುವಿನ ಜಗಳಗಳು ಮಧ್ಯಸ್ಥಿಕೆಯಿಂದ ಬಗೆಹರಿಯಬೇಕೆಂದು ಜೀವಮಾನವಿಡೀ ದುಡಿದ ಫ್ರೆಡೆರಿಕ್ ಪಾಸಿ ಇನ್ನೊಬ್ಬರು. ಯುದ್ಧದ ಕ್ರೌರ್ಯವನ್ನು ತಗ್ಗಿಸಬೇಕೆ, ಯುದ್ಧವನ್ನೇ ಇಲ್ಲವಾಗಿಸಬೇಕೆ ಎಂಬ ಪ್ರಶ್ನೆ ಅಂದೇ ಎದ್ದಿತು, ಇಂದಿಗೂ ಮುಗಿದಿಲ್ಲ. ಶಾಂತಿ ಚಳವಳಿಯ ನಾಯಕಿಯೂ 1905ರಲ್ಲಿ ಈ ಪುರಸ್ಕಾರ ಪಡೆದ ಮೊದಲ ಮಹಿಳೆಯೂ ಆದ ಬೆರ್ಟಾ ಫಾನ್ ಸುಟ್‌ನರ್ ಯುದ್ಧವೇ ಅಳಿಯಬೇಕೆಂಬ ಪಕ್ಷದವರು. ಅವರು ನೊಬೆಲರ ಸ್ನೇಹಿತೆಯಾಗಿದ್ದರು, ಪತ್ರಗಳ ಮೂಲಕ ಅವರನ್ನು ಶಾಂತಿಯ ಕೆಲಸದತ್ತ ಸೆಳೆದಿದ್ದರು.

ಸೆರೆಮನೆಯಲ್ಲಿದ್ದುಕೊಂಡೇ ಪುರಸ್ಕೃತರಾದವರದು ಇನ್ನೊಂದು ಸಾಲು, ನನ್ನ ಮಟ್ಟಿಗೆ ಅತ್ಯಂತ ಭಾರವಾದ ಸಾಲು. ಜರ್ಮನಿಯ ಪತ್ರಕರ್ತ ಕಾರ್ಲ್ ಫಾನ್ ಒಸಿಯೆಟ್‌ಸ್ಕಿ ಅವರಿಗೆ 1935ರ ಪುರಸ್ಕಾರ ಘೋಷಣೆಯಾದಾಗ ಅವರು ನಾತ್ಸಿಗಳ ಬಂಧನದಲ್ಲಿದ್ದರು. ಓಸ್ಲೊಗೆ ಹೋಗಲು ಅನುಮತಿ ಸಿಗಲಿಲ್ಲ, 1938ರಲ್ಲಿ ಅವರು ತೀರಿಕೊಂಡರು. 2010ರಲ್ಲಿ, ಸೆರೆಯಲ್ಲಿದ್ದ ಚೀನಾದ ಮಾನವ ಹಕ್ಕುಗಳ ಹೋರಾಟಗಾರ ಲಿಯು ಶಿಯಾವ್‌ಬೊ ಅವರ ಪದಕವನ್ನು ಓಸ್ಲೊದ ವೇದಿಕೆಯ ಮೇಲೆ ಖಾಲಿ ಕುರ್ಚಿಯೊಂದರ ಮೇಲಿಟ್ಟರು. 2023ರಲ್ಲಿ ಇರಾನಿನ ಮಹಿಳಾ ಹಕ್ಕುಗಳ ಹೋರಾಟಗಾರ್ತಿ ನರ್ಗಿಸ್ ಮೊಹಮ್ಮದಿ ಜೈಲಿನಲ್ಲಿದ್ದುದರಿಂದ ಅವರ ಮಕ್ಕಳು ಬಂದು ಪುರಸ್ಕಾರ ಸ್ವೀಕರಿಸಿದರು. ಈ ಮೂವರನ್ನು ಒಟ್ಟಿಗೆ ಓದಿಕೊಂಡು ಹೋದವರಿಗೆ ಒಳಗಿನ ಭಾವಚಿತ್ರಗಳ ನಗುಮುಖಗಳು ಬೇರೆಯಾಗಿಯೇ ಕಾಣುತ್ತವೆ.

ನಮ್ಮಲ್ಲಿ ಬಹುತೇಕರು ಅಲ್ಲಿ ಹುಡುಕುವ ಹೆಸರು ಮಹಾತ್ಮ ಗಾಂಧಿಯವರದು. ಪುರಸ್ಕೃತರ ಸಾಲಿನಲ್ಲಿ ಅದು ಇಲ್ಲ. 1937, 1938, 1939, 1947 ಮತ್ತು 1948ರಲ್ಲಿ ಅವರ ಹೆಸರನ್ನು ಸೂಚಿಸಲಾಗಿತ್ತು. 1948ರ ಸೂಚನೆಗಳ ಗಡುವು ಮುಗಿಯಲು ಎರಡು ದಿನ ಬಾಕಿ ಇರುವಾಗ, ಜನವರಿ 30ರಂದು, ಅವರ ಹತ್ಯೆಯಾಯಿತು. ಯೋಗ್ಯರಾದ ಅಭ್ಯರ್ಥಿಗಳು ಯಾರೂ ಜೀವಂತವಾಗಿಲ್ಲ ಎಂಬ ಕಾರಣ ಕೊಟ್ಟು ಸಮಿತಿ ಆ ವರ್ಷ ಪುರಸ್ಕಾರವನ್ನು ಯಾರಿಗೂ ಕೊಡಲಿಲ್ಲ. 1989ರಲ್ಲಿ ದಲಾಯಿ ಲಾಮಾ ಅವರಿಗೆ ಪುರಸ್ಕಾರ ನೀಡುವಾಗ, ಇದು ಭಾಗಶಃ ಗಾಂಧಿಯವರ ಸ್ಮರಣೆಗೆ ಸಲ್ಲುವ ಗೌರವವೂ ಹೌದು ಎಂದು ಸಮಿತಿಯ ಅಧ್ಯಕ್ಷರು ಹೇಳಿದರು. ಇಷ್ಟನ್ನು ತಿಳಿದು ಹೋದರೆ ನಿರಾಸೆಯಾಗುವುದಿಲ್ಲ. ಗಾಂಧಿಯವರ ದಾರಿಯನ್ನು ತಮ್ಮದಾಗಿಸಿಕೊಂಡ ಮಾರ್ಟಿನ್ ಲೂಥರ್ ಕಿಂಗ್ (1964) ಅವರ ಮುಂದೆ ನಿಂತಾಗ, ಬಾಲಕಾರ್ಮಿಕರ ಬಿಡುಗಡೆಗೆ ದುಡಿದ ಕೈಲಾಶ್ ಸತ್ಯಾರ್ಥಿಯವರನ್ನು ಮಲಾಲಾ ಯೂಸುಫ್‌ಝೈ ಜೊತೆಯಲ್ಲಿ (2014) ಕಂಡಾಗ, ಆ ಇಲ್ಲದ ಹೆಸರು ಎಲ್ಲೆಲ್ಲಿ ಇದೆ ಎಂಬುದು ಗೋಚರವಾಗುತ್ತದೆ.

ಯಾವಾಗ ಹೋಗಬೇಕು ಎಂಬುದಕ್ಕೆ ಎರಡು ಮಾತು. ಬೇಸಿಗೆಯಲ್ಲಿ ಹಗಲು ದೀರ್ಘ, ಓಡಾಟ ಸುಲಭ. ಆದರೆ ಪ್ರವಾಸಿ ಹಡಗುಗಳು ಬಂದರಿಗೆ ಬಂದ ದಿನ ಜನಸಂದಣಿ ಇರುತ್ತದೆ, ಆದ್ದರಿಂದ ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗುವುದು ಲೇಸು. ನೊಬೆಲ್ ತೀರಿಕೊಂಡ ದಿನವಾದ ಡಿಸೆಂಬರ್ 10ರಂದು ಪುರಭವನದಲ್ಲಿ ಪ್ರದಾನ ಸಮಾರಂಭ ನಡೆಯುತ್ತದೆ, ಅದರ ಬೆನ್ನಿಗೇ ಆ ವರ್ಷದ ಪುರಸ್ಕೃತರನ್ನು ಕುರಿತ ಹೊಸ ಪ್ರದರ್ಶನ ಕೇಂದ್ರದಲ್ಲಿ ತೆರೆಯುತ್ತದೆ. ಹೊಸದನ್ನು ನೋಡಬೇಕೆನ್ನುವವರು ಡಿಸೆಂಬರ್ ನಡುವಿನ ನಂತರ ಹೋಗಬೇಕು. ಆಗ ಬೆಳಕು ದಿನಕ್ಕೆ ಸುಮಾರು ಆರು ಗಂಟೆ ಮಾತ್ರ, ಚಳಿಯೂ ಬಹಳ. ಹತ್ತನೆಯ ತಾರೀಖಿನ ಸಂಜೆ ಊರಿನಲ್ಲೇ ಇದ್ದರೆ ಪಂಜಿನ ಮೆರವಣಿಗೆಯನ್ನು ತಪ್ಪಿಸಿಕೊಳ್ಳಬೇಡಿ. ತೆರೆದಿರುವ ದಿನ ಮತ್ತು ವೇಳೆ ಋತುವಿಗೆ ತಕ್ಕಂತೆ ಬದಲಾಗುವುದರಿಂದ ಹೊರಡುವ ಮುನ್ನ ಕೇಂದ್ರದ ಜಾಲತಾಣವನ್ನು ನೋಡಿಕೊಳ್ಳುವುದು ಅಗತ್ಯ. ಗಾರ್ಡೆರ್ಮೊಯೆನ್ ವಿಮಾನ ನಿಲ್ದಾಣದಿಂದ ರೈಲಿನಲ್ಲಿ ನ್ಯಾಷನಲ್‌ಥಿಯೇಟ್ರೆ ನಿಲ್ದಾಣಕ್ಕೆ ಬಂದರೆ ಅಲ್ಲಿಂದ ಕೆಲವೇ ನಿಮಿಷಗಳ ನಡಿಗೆ. ಊರಿನ ಇತರ ಸಂಗ್ರಹಾಲಯಗಳನ್ನೂ ನೋಡುವವರಿಗೆ ಓಸ್ಲೊ ಪಾಸ್ ಅನುಕೂಲ. ಇಲ್ಲಿನ ಪ್ರವೇಶವೂ ಅದರಲ್ಲಿ ಸೇರಿದೆ. ನಾರ್ವೆಯಲ್ಲಿ ವ್ಯವಹಾರವೆಲ್ಲ ಬಹುಪಾಲು ಕಾರ್ಡಿನ ಮೂಲಕವೇ ನಡೆಯುತ್ತದೆ.

ಒಳಗೆ ಹೋದ ಮೇಲೆ ಮೊದಲು ಪುರಸ್ಕೃತರೆಲ್ಲರ ಭಾವಚಿತ್ರಗಳಿರುವ ಕೋಣೆಗೆ ಹೋಗಿ. ಮಬ್ಬುಗತ್ತಲಲ್ಲಿ ನೂರಾರು ಪುಟ್ಟ ದೀಪಗಳು, ಅವುಗಳ ನಡುವೆ ಹೂಗಳಂತೆ ಎದ್ದು ನಿಂತ ಪರದೆಗಳು, ಪರದೆಗೊಬ್ಬ ಪುರಸ್ಕೃತರು. ಇಲ್ಲಿ ಯಾರ ಬಳಿಯೂ ನಿಲ್ಲದೆ ಒಂದು ಸುತ್ತು ಹಾಕಿ, ಎರಡನೆಯ ಸುತ್ತಿನಲ್ಲಿ ನೀವು ಆರಿಸಿಕೊಂಡವರ ಬಳಿ ಮಾತ್ರ ನಿಂತು ಓದಿ. ಓದುವಾಗ ಮೂರು ಪ್ರಶ್ನೆಗಳು ನೆರವಾಗುತ್ತವೆ: ಈ ವ್ಯಕ್ತಿ ನಿಜವಾಗಿ ಮಾಡಿದ ಕೆಲಸವೇನು, ಅದಕ್ಕೆ ತೆತ್ತ ಬೆಲೆಯೇನು, ಪುರಸ್ಕಾರದ ನಂತರ ಏನಾಯಿತು. ಮೂರನೆಯ ಪ್ರಶ್ನೆ ಕೆಲವೊಮ್ಮೆ ನೋಯಿಸುತ್ತದೆ. ವಿಯೆಟ್ನಾಂ ಕದನವಿರಾಮಕ್ಕಾಗಿ 1973ರಲ್ಲಿ ಅಮೆರಿಕದ ಹೆನ್ರಿ ಕಿಸಿಂಜರ್ ಮತ್ತು ಉತ್ತರ ವಿಯೆಟ್ನಾಮಿನ ಲೆ ಡುಕ್ ತೊ ಅವರಿಗೆ ಪುರಸ್ಕಾರ ಘೋಷಣೆಯಾಯಿತು; ತಮ್ಮ ನಾಡಿನಲ್ಲಿ ಶಾಂತಿ ಇನ್ನೂ ನೆಲೆಸಿಲ್ಲವೆಂದು ಲೆ ಡುಕ್ ತೊ ಅದನ್ನು ನಿರಾಕರಿಸಿದರು, ಯುದ್ಧ 1975ರವರೆಗೂ ನಡೆಯಿತು. ಇಂಥ ಆಯ್ಕೆಗಳ ಮುಂದೆ ಮುಖ ತಿರುಗಿಸದೆ ನಿಲ್ಲಬೇಕು.

ಪದಕದ ಕೋಣೆಯಲ್ಲಿರುವುದು ನಾರ್ವೆಯ ಮೊದಲ ಪುರಸ್ಕೃತ ಕ್ರಿಶ್ಚಿಯನ್ ಲೌಸ್ ಲಾಂಗೆ ಅವರ ಪದಕ. ಹಲವು ದೇಶಗಳ ಸಂಸದರನ್ನು ಒಂದೆಡೆ ಸೇರಿಸುವ ಅಂತರ ಸಂಸದೀಯ ಒಕ್ಕೂಟವನ್ನು ಮೊದಲ ಮಹಾಯುದ್ಧದ ವರ್ಷಗಳಲ್ಲಿ ಬಿದ್ದುಹೋಗದಂತೆ ಕಾಪಾಡಿದ ಅವರು 1921ರಲ್ಲಿ ಪುರಸ್ಕಾರವನ್ನು ಸ್ವೀಡನ್ನಿನ ಯಾಲ್ಮರ್ ಬ್ರಾಂಟಿಂಗ್ ಅವರೊಂದಿಗೆ ಹಂಚಿಕೊಂಡರು. ಜೇಬಿನ ಚೀಟಿಯನ್ನು ಇಲ್ಲಿ ತೆಗೆದು ನೋಡಿ: ಮೂರನೆಯ ಷರತ್ತಿಗೆ ಇವರಷ್ಟು ನೇರವಾಗಿ ಹೊಂದುವವರು ವಿರಳ. ಪದಕವನ್ನು ರೂಪಿಸಿದವರು ಶಿಲ್ಪಿ ಗುಸ್ತಾವ್ ವಿಗೆಲಾಂಡ್. ಒಂದು ಬದಿಯಲ್ಲಿ ನೊಬೆಲರ ಮುಖ, ಇನ್ನೊಂದು ಬದಿಯಲ್ಲಿ ಒಬ್ಬರನ್ನೊಬ್ಬರು ಬಳಸಿ ನಿಂತ ಮೂವರು, ಅವರ ಸುತ್ತ ರಾಷ್ಟ್ರಗಳ ಶಾಂತಿಗಾಗಿ ಮತ್ತು ಸೋದರತ್ವಕ್ಕಾಗಿ ಎಂಬರ್ಥದ ಲ್ಯಾಟಿನ್ ಬರಹ. ಹೀಗೆ ಗಾಜಿನ ಹಿಂದೆ ಉಳಿಯದ ಪದಕವೂ ಉಂಟು: ಮುರಾತೊವ್ ತಮ್ಮದನ್ನು 2022ರಲ್ಲಿ ಹರಾಜಿಗಿಟ್ಟರು, ಬಂದ 10.35 ಕೋಟಿ ಡಾಲರನ್ನು ಉಕ್ರೇನಿನ ನಿರಾಶ್ರಿತ ಮಕ್ಕಳಿಗಾಗಿ ಯುನಿಸೆಫ್‌ಗೆ ಕೊಟ್ಟರು.

ತಾತ್ಕಾಲಿಕ ಪ್ರದರ್ಶನಗಳನ್ನು ಕೊನೆಗಿಟ್ಟುಕೊಳ್ಳಿ. ಯುದ್ಧದ, ಹಿಂಸೆಯ ಛಾಯಾಚಿತ್ರಗಳು ಅಲ್ಲಿರುವ ಸಾಧ್ಯತೆ ಇರುವುದರಿಂದ, ಮಕ್ಕಳೊಂದಿಗೆ ಹೋದವರು ಒಬ್ಬರು ಮುಂದಾಗಿ ನೋಡಿ ಬಂದು ಆಮೇಲೆ ಅವರನ್ನು ಕರೆದೊಯ್ಯುವುದು ಉಚಿತ.

ಹೊರಬಂದ ಮೇಲೆ ಎದುರಿನ ಪುರಭವನಕ್ಕೆ ಹೋಗಲು ಮರೆಯಬೇಡಿ; ಪ್ರವೇಶಕ್ಕೆ ಹಣ ಕೊಡಬೇಕಿಲ್ಲ. 1990ರಿಂದ ಪ್ರದಾನ ಸಮಾರಂಭ ನಡೆಯುತ್ತಿರುವ ಸಭಾಂಗಣ ಅದೇ. ಆ ವಿಶಾಲವಾದ ನೆಲದ ಮೇಲೆ ನಿಂತು, ಬೃಹತ್ ಭಿತ್ತಿಚಿತ್ರದ ಮುಂದೆ ಲಿಯು ಅವರ ಕುರ್ಚಿ ಖಾಲಿಯಾಗಿ ಇದ್ದುದನ್ನು ಮನಸ್ಸಿಗೆ ತಂದುಕೊಳ್ಳಿ. ಸಮಯವಿದ್ದರೆ ಅರಮನೆಯ ಉದ್ಯಾನದ ಬದಿಯಿಂದ ಹೆನ್ರಿಕ್ ಇಬ್ಸೆನ್ ರಸ್ತೆಯವರೆಗೆ ನಡೆದುಹೋಗಬಹುದು. ಪ್ರತಿ ಅಕ್ಟೋಬರಿನಲ್ಲಿ ಪುರಸ್ಕೃತರ ಹೆಸರು ಘೋಷಣೆಯಾಗುವ ನೊಬೆಲ್ ಸಂಸ್ಥೆಯ ಕಟ್ಟಡ ಅಲ್ಲಿದೆ. ಸೂಚಿತರ ಹೆಸರುಗಳನ್ನು ಐವತ್ತು ವರ್ಷಗಳ ಕಾಲ ಗೋಪ್ಯವಾಗಿಡುವ ನಿಯಮವಿರುವುದರಿಂದ, ಈ ವರ್ಷ ಯಾರ ಯಾರ ಹೆಸರು ಅಲ್ಲಿ ಚರ್ಚೆಗೆ ಬಂದಿತ್ತೆಂಬುದನ್ನು ಕಡತ ತೆರೆದು ಓದುವವರು ಬಹುಶಃ ಇಂದು ನಿಮ್ಮ ಕೈ ಹಿಡಿದು ನಡೆಯುತ್ತಿರುವ ಮಕ್ಕಳೇ.