ಮನೆಯನ್ನೇ ನಗಿಸುತ್ತಿದ್ದವರು ಹೋದ ಮೇಲೆ: ನೆನಪು ಉಳಿಸಿಕೊಳ್ಳುವುದು ಹೇಗೆ?

ನಮ್ಮ ಮಾವ, ಅಂದರೆ ನನ್ನ ಗಂಡನ ಅಪ್ಪ, ಮಂಗಳೂರು–ಉಡುಪಿ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದರು. ರಿಟೈರ್ ಆದರೂ ಕಂಡಕ್ಟರಿಕೆ ಬಿಡಲಿಲ್ಲ. ಮನೆಯಲ್ಲಿ ನಾಲ್ಕು ಜನ ಸೇರಿದರೆ ಸಾಕು, ಊಟದ ಸಾಲಿನ ತುದಿಯಲ್ಲಿ ನಿಂತು "ದುಂಬು ಪೋಲೆ, ದುಂಬು ಪೋಲೆ" (ತುಳುವಿನಲ್ಲಿ 'ಮುಂದೆ ಹೋಗಿ') ಅಂತ ಎಲ್ಲರನ್ನೂ ಒತ್ತೊತ್ತಾಗಿ ಕೂರಿಸುತ್ತಿದ್ದರು. ಮೊಮ್ಮಕ್ಕಳು ಸ್ಕೂಲಿಗೆ ಹೊರಟರೆ ಎರಡು ವಿಸಿಲ್. ಇಂಥವರು ತೀರಿಕೊಂಡಾಗ ಬೊಜ್ಜ (ಉತ್ತರಕ್ರಿಯೆ), ಪಿಂಡ ಎಲ್ಲ ಹಿರಿಯರು ಹೇಳಿದ ಹಾಗೆ ನಡೆಯುತ್ತದೆ, ಅದಕ್ಕೆ ನನ್ನ ಸಲಹೆ ಬೇಡ. ಆದರೆ ತಮಾಷೆ ಮಾಡುತ್ತಿದ್ದ ಆ ಮನುಷ್ಯ ಮಾತ್ರ ಹಾರ ಹಾಕಿದ ಫೋಟೊದ ಹಿಂದೆ ಬೇಗ ಮರೆಯಾಗಿಬಿಡುತ್ತಾರೆ. ಅದು ಆಗದ ಹಾಗೆ ಏನು ಮಾಡಬಹುದು ಅಂತ ಹೇಳುತ್ತೇನೆ.

ಮೊದಲು ಅವರ ಫೋನು. ದುಃಖದಲ್ಲಿ ಇದು ಯಾರಿಗೂ ಹೊಳೆಯುವುದಿಲ್ಲ, ಆದರೆ ತಡ ಮಾಡುವ ಹಾಗಿಲ್ಲ. ಸಿಮ್ 90 ದಿನ ಬಳಕೆಯಾಗದಿದ್ದರೆ ಕಂಪನಿಯವರು ಬಂದ್ ಮಾಡಬಹುದು. ವಾಟ್ಸಾಪ್ ಅಕೌಂಟ್ 120 ದಿನ ಸುಮ್ನೆ ಬಿದ್ದಿದ್ದರೆ ಸಾಮಾನ್ಯವಾಗಿ ಅಳಿಸಿಹೋಗುತ್ತದೆ. ಅದಕ್ಕೆ ಸಣ್ಣ ರೀಚಾರ್ಜ್ ಮಾಡಿ, ಸ್ವಲ್ಪ ಕಾಲ ಫೋನನ್ನು ಚಾರ್ಜಿನಲ್ಲೇ ಇಡಿ. ಆಮೇಲೆ ಅವರು ಕಳಿಸಿದ ವಾಯ್ಸ್ ಮೆಸೇಜುಗಳನ್ನು ಹುಡುಕಿ. ನಿಮ್ಮ ಫೋನಿನಲ್ಲೇ ಅವರ ಚಾಟ್ ತೆರೆದು, ಮೂರು ಚುಕ್ಕಿ ಒತ್ತಿ, 'ಮೋರ್'ನಲ್ಲಿ 'ಎಕ್ಸ್‌ಪೋರ್ಟ್ ಚಾಟ್' ಆರಿಸಿ. ಮೀಡಿಯಾ ಸೇರಿಸಬೇಕಾ ಅಂತ ಕೇಳಿದಾಗ ಹೌದು ಅನ್ನಿ. ಬರುವ ಆಡಿಯೋ ಫೈಲುಗಳ ಹೆಸರಿನ ಕೊನೆಯಲ್ಲಿ 'ಓಪಸ್' ಅಂತ ಇರುತ್ತದೆ. ವಿಎಲ್‌ಸಿ ಇದ್ದರೆ ಕಂಪ್ಯೂಟರಿನಲ್ಲೂ ಕೇಳಬಹುದು. ಒಂದು ಪೆನ್‌ಡ್ರೈವಿಗೆ, ಇನ್ನೊಬ್ಬರ ಇಮೇಲಿಗೆ, ಹೀಗೆ ಎರಡು ಕಡೆ ಇಡಿ.

ಅವರದ್ದು ಫೇಸ್‌ಬುಕ್ ಇದ್ದರೆ ಮರಣದ ದಾಖಲೆ ಕೊಟ್ಟು ಅದನ್ನು ಸ್ಮರಣೆಯ ಅಕೌಂಟ್ ಮಾಡಿಸಿ. ಆಗ 'ಇವತ್ತು ಇವರ ಹುಟ್ಟುಹಬ್ಬ, ವಿಶ್ ಮಾಡಿ' ಅನ್ನುವ ನೋಟಿಫಿಕೇಶನ್ ಊರೆಲ್ಲ ಹೋಗುವುದು ನಿಲ್ಲುತ್ತದೆ.

ವಾಯ್ಸ್ ಮೆಸೇಜಿನಲ್ಲಿ ದೊಡ್ಡ ಮಾತು ಇರಬೇಕಾಗಿಲ್ಲ. ಮಾವನದ್ದು ನನ್ನ ಹತ್ತಿರ ಇರುವುದರಲ್ಲಿ ಜಾಸ್ತಿ ಮಾರ್ಕೆಟ್ಟಿನಿಂದ ಕಳಿಸಿದವು. ಹಿಂದೆ ಮೀನಿನವಳು ಕೂಗುತ್ತಿರುತ್ತಾಳೆ. ಇವರು ಅವಳಿಗೆ ಕೇಳುವ ಹಾಗೆ ಜೋರಾಗಿ, "ಬಂಗುಡೆ ಉಂಟು, ಆದರೆ ರೇಟು ಕೇಳಿದರೆ ಬಂಗುಡೆಗೇ ನಾಚಿಕೆ ಆಗ್ತದೆ, ತರಲಾ?" ಅನ್ನುತ್ತಾರೆ. ಅವಳ ಬೈಗುಳವೂ ರೆಕಾರ್ಡ್ ಆಗಿದೆ. ಅದನ್ನು ಕತ್ತರಿಸಬೇಡಿ.

ಇನ್ನು ಕತೆಗಳು. ಮನೆಯವರಿಗೆ ಗೊತ್ತಿರುವುದು ಅರ್ಧ ಮಾತ್ರ. ಉಳಿದರ್ಧ ಅವರ ಜೊತೆ ಕೆಲಸ ಮಾಡಿದವರ ಹತ್ತಿರ, ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನ ಕ್ಯಾಂಟೀನಿನಲ್ಲಿ, ಯಕ್ಷಗಾನ ಆಟ ನೋಡಲು ಜೊತೆಗೆ ಹೋಗುತ್ತಿದ್ದ ಗೆಳೆಯರ ಹತ್ತಿರ ಇರುತ್ತದೆ. ಇವರೆಲ್ಲ ಒಟ್ಟಿಗೆ ಸಿಗುವುದು ಬೊಜ್ಜದ ದಿನ. ಊಟಕ್ಕೆ ಕಾಯುತ್ತಾ ಶಾಮಿಯಾನದಡಿ ಕೂತಿರುತ್ತಾರಲ್ಲ, ಅದೇ ಹೊತ್ತು. ಕೇಳಿ ಒಪ್ಪಿಗೆ ಪಡೆದು ಫೋನನ್ನು ರೆಕಾರ್ಡಿಂಗಿಗೆ ಹಾಕಿ ಮಧ್ಯದಲ್ಲಿಡಿ. "ಅವರು ಹೇಗಿದ್ದರು?" ಅಂತ ಕೇಳಬೇಡಿ. "ಪಾಪ, ಒಳ್ಳೆ ಜನ" ಅನ್ನುವ ಒಂದೇ ಉತ್ತರ ಬರುತ್ತದೆ. "ಅವರಿಗೆ ಯಾರಿಂದ ಬೈಗುಳ ಸಿಕ್ಕಿತ್ತು? ಯಾಕೆ?" ಅಂತ ಕೇಳಿ. ಆಮೇಲೆ ನೀವು ಸುಮ್ಮನಿದ್ದರೂ ಸಾಕು.

ಮಲ್ಲಿಗೆಯ ಕತೆ ನಮಗೆ ಸಿಕ್ಕಿದ್ದು ಹಾಗೆ. ಉಡುಪಿ ಹತ್ತಿರದ ಶಂಕರಪುರದ ಮಲ್ಲಿಗೆ ಕಟಪಾಡಿಯಲ್ಲಿ ಬಸ್ಸಿಗೆ ಹಾಕಿದರೆ ಮಂಗಳೂರಿಗೆ ಬರುತ್ತದೆ. ಒಂದು ಸಲ ಮದುವೆ ಮನೆಗೆ ಹೋಗಬೇಕಾದ ಎರಡು ಅಟ್ಟೆ (ಕಟ್ಟಿದ ಮಲ್ಲಿಗೆಯ ಅಳತೆ) ಇಟ್ಟುಕೊಂಡು ಬರುವಾಗ ಹಳೆಯಂಗಡಿಯ ಹತ್ತಿರ ಬಸ್ಸು ಕೆಟ್ಟು ನಿಂತಿತು. ಮಾವ ಪ್ರಯಾಣಿಕರನ್ನೆಲ್ಲ ಬೇರೆ ಬಸ್ಸಿಗೆ ಹತ್ತಿಸಿದರು. ಡ್ರೈವರನ್ನು ಬಸ್ಸಿನ ಹತ್ತಿರ ಬಿಟ್ಟು, ತಾನು ಮಲ್ಲಿಗೆ ಹಿಡಿದುಕೊಂಡು ರಿಕ್ಷಾ ಹತ್ತಿದರು. ಮದುವೆ ಹಾಲ್ ಮುಟ್ಟಿದಾಗ ಮದುಮಗಳ ತಾಯಿ ಅಳುವುದೊಂದು ಬಾಕಿ. ಹೆಗಲಲ್ಲಿ ಚೀಲ, ಕೈಯಲ್ಲಿ ಮಲ್ಲಿಗೆ, ಖಾಕಿ ಅಂಗಿ. ಅವರನ್ನು ಹಾಗೇ ಕೂರಿಸಿ ಊಟ ಹಾಕಿಸಿದರಂತೆ. ಡ್ರೈವರಿಗೆ ಅಂತ ಪಾಯಸವನ್ನೂ ಕಟ್ಟಿಸಿಕೊಂಡು ಬಂದರು. ಆದರೆ ಅತ್ತೆ ಕೇಳಿದ ಕತೆಯಲ್ಲಿ ಅದು ಹೋಳಿಗೆ. ಡ್ರೈವರ್ ಈಗಲೂ "ಪಾಯಸ, ತಿಂದವನು ನಾನು" ಅನ್ನುತ್ತಾರೆ. ಇಂಥ ಜಗಳ ಬಂದರೆ ತೀರ್ಪು ಕೊಡಬೇಡಿ. ಎರಡನ್ನೂ ಬರೆದಿಡಿ.

ಇಲ್ಲೊಂದು ಎಚ್ಚರಿಕೆ. ನಗುವ ಮೊದಲು ಅವರ ಹೆಂಡತಿಯನ್ನು ಕೇಳಿ. ಅತ್ತೆಗೆ ತುಂಬ ಕಾಲ ಆ ವಾಯ್ಸ್ ಮೆಸೇಜ್ ಕೇಳಲು ಆಗಲಿಲ್ಲ. ನಾವು ಹಾಲಿನಲ್ಲಿ ನಗುತ್ತಿದ್ದರೆ ಅವರು ಎದ್ದು ಒಳಗೆ ಹೋಗುತ್ತಿದ್ದರು. ಹೊರಗಿನವರಿಗೆ ತಮಾಷೆ ಮಾತ್ರ ಕಂಡಿದೆ. ಮಗಳ ಮದುವೆ ಸಾಲದ ವರ್ಷಗಳಲ್ಲಿ ರಾತ್ರಿ ಮಾತಿಲ್ಲದೆ ಗಂಜಿ ಉಂಡು ಮಲಗುತ್ತಿದ್ದ ಗಂಡನನ್ನು ಕಂಡವರು ಅವರೊಬ್ಬರೇ. ಆ ಮನುಷ್ಯನೂ ಕತೆಯಲ್ಲಿ ಇರಲಿ. ಅತ್ತೆ ತಾವಾಗಿ ಹೇಳಿದಾಗ ಮಾತ್ರ.

ಫೋಟೊ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಸ್ಟುಡಿಯೋದವರು ಆಧಾರ್ ಕಾರ್ಡಿನ ಫೋಟೊ ತೆಗೆದುಕೊಂಡು, ಜೀವಮಾನದಲ್ಲಿ ಕೋಟು ಹಾಕದ ಮನುಷ್ಯನಿಗೆ ನೀಲಿ ಕೋಟು ತೊಡಿಸಿ, ಹಿಂದೆ ಮೋಡ ಇಟ್ಟುಕೊಟ್ಟರು. ಯಾರೋ ಬ್ಯಾಂಕ್ ಮ್ಯಾನೇಜರ್ ಸತ್ತ ಹಾಗಿತ್ತು. ಮದುವೆ ಆಲ್ಬಮ್ಮುಗಳಲ್ಲಿ, ಪಣಂಬೂರು ಬೀಚಿನ ಫೋಟೊಗಳಲ್ಲಿ ಮೂಲೆಯಲ್ಲಿ ಹಲ್ಲು ಕಿರಿಯುತ್ತಾ ನಿಂತಿರುತ್ತಾರೆ, ಹುಡುಕಿ. ಮೊಬೈಲಿನಿಂದ ಮೊಬೈಲಿಗೆ ಹಾರಿ ಬಂದ ಪ್ರತಿ ಮಸುಕಾಗಿರುತ್ತದೆ. ಫೋಟೊ ತೆಗೆದವರಿಗೇ ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ.

ಪೇಪರಿನಲ್ಲಿ ವರ್ಷದ ಪುಣ್ಯಸ್ಮರಣೆ ಜಾಹೀರಾತು ಕೊಡುವುದಾದರೆ 'ದುಃಖತಪ್ತ ಕುಟುಂಬ' ಅಂತ ಪೇಪರಿನವರೇ ಹಾಕುತ್ತಾರೆ. ನೀವು ತೀರಿಕೊಂಡವರದ್ದೇ ಆದ ಒಂದು ಸಾಲು ಸೇರಿಸಿ. ನಾವು 'ಯಾರಿಗೂ ಚಿಲ್ಲರೆ ಬಾಕಿ ಉಳಿಸದ ಕಂಡಕ್ಟರ್' ಅಂತ ಹಾಕಿಸಿದೆವು. ಗುರುತಿಲ್ಲದವರೂ ನಕ್ಕು ಫೋನ್ ಮಾಡಿದರು. ಒಬ್ಬರು ಮಾತ್ರ ತನಗೆ ಎರಡು ರೂಪಾಯಿ ಬರಬೇಕು ಅಂದರು.

ತುಳುವರ ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಕುಲೆಗಳಿಗೆ, ಅಂದರೆ ತೀರಿಕೊಂಡವರಿಗೆ, ಬಡಿಸುವ ಕ್ರಮ ನಿಮ್ಮಲ್ಲೂ ಇದ್ದರೆ ಎಲೆಯಲ್ಲಿ ಅವರಿಗೆ ಇಷ್ಟವಾದದ್ದೇ ಇರಲಿ. ಕೋಳಿ ಸುಲಭ. ಮೀನಾದರೆ ಮೊದಲೇ ಯೋಚನೆ ಮಾಡಬೇಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗೆ ಇಳಿಯುವುದಿಲ್ಲ. ನಾಡದೋಣಿಯವರು ತಂದ ಬಂಗುಡೆ ಸಿಕ್ಕರೆ ಸಿಕ್ಕಿತು, ಅದೂ ದುಬಾರಿ. ನಾನು ಮೇ ತಿಂಗಳಲ್ಲೇ ಒಣ ಸಿಗಡಿ ತಂದು ಡಬ್ಬದಲ್ಲಿಡುತ್ತೇನೆ. ಹುರಿದು, ಕಾಯಿ, ಮೆಣಸು, ಹುಳಿ ಹಾಕಿ ಚಟ್ನಿ ಅರೆದರೆ ಮಾವ ಆಕ್ಷೇಪ ಎತ್ತಲಾರರು. ಎತ್ತಿದರೂ ಅದು ರೇಟಿನ ಬಗ್ಗೆಯೇ.

ಯಕ್ಷಗಾನದ ಹುಚ್ಚಿದ್ದವರ ಹೆಸರಿನಲ್ಲಿ ಆಟ ಆಡಿಸಬೇಕು ಅಂತ ಅನ್ನಿಸುವುದು ಸಹಜ. ಕಟೀಲು ದೇವಸ್ಥಾನದ ಯಕ್ಷಗಾನ ಮೇಳಕ್ಕೆ ಹರಕೆ ಹೇಳಿದರೆ ಸರದಿ ಬರಲು ವರ್ಷಗಟ್ಟಲೆ ಕಾಯಬೇಕು. ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆ ಕಳೆದರೆ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಅಂದರೆ ತಿರುಗಾಟ ನಿಲ್ಲಿಸುತ್ತವೆ. ಮಳೆಗಾಲಕ್ಕೆ ತಾಳಮದ್ದಲೆ, ಅಂದರೆ ಕೂತಲ್ಲೇ ಹಾಡು-ಮಾತಿನಲ್ಲಿ ನಡೆಯುವ ಯಕ್ಷಗಾನ, ಒಳ್ಳೆಯದು. ವೇಷ ಬೇಡ, ರಂಗಸ್ಥಳ ಬೇಡ, ಮನೆಯ ಚಾವಡಿ ಸಾಕು. ಹಾಸ್ಯ ಇರುವ ಪ್ರಸಂಗ ಕೇಳಿ ಆರಿಸಿ.

ಮಕ್ಕಳಿಗೆ ಇದೆಲ್ಲ ಉದ್ದವಾಯಿತು. ಅವರಿಗಾಗಿ ಮಾವನ ಹುಟ್ಟುಹಬ್ಬಕ್ಕೆ ಸ್ಟೇಟ್ ಬ್ಯಾಂಕಿನಿಂದ ಉಡುಪಿಗೆ ಬಸ್ಸಿನಲ್ಲೇ ಹೋಗುತ್ತೇವೆ. ಕಾರು ಇದ್ದರೂ ಇಲ್ಲ. ಸುರತ್ಕಲ್, ಮುಲ್ಕಿ, ಪಡುಬಿದ್ರಿ, ಕಾಪು ಅಂತ ಸ್ಟಾಪಿನ ಹೆಸರನ್ನು ಮಕ್ಕಳು ಕಂಡಕ್ಟರಿಗಿಂತ ಮೊದಲು ಕೂಗಬೇಕು. ತಪ್ಪಿದವರ ಗಡ್‌ಬಡ್ ಐಸ್‌ಕ್ರೀಮಿನ ಚೆರ್ರಿ ಗೆದ್ದವರಿಗೆ. ಇದು ಮಾವನೇ ಮಾಡಿದ ರೂಲ್. ಭಾನುವಾರ ಬೇಡ, ಮದುವೆ ಸೀಸನ್ನಿನಲ್ಲಿ ನಿಲ್ಲಲೂ ಜಾಗ ಸಿಗುವುದಿಲ್ಲ. ಬೆಳಿಗ್ಗೆ ಹತ್ತರ ಮೇಲೆ ಹತ್ತಿದರೆ ಹಿಂದಿನ ಸೀಟು ಖಾಲಿ ಇರುತ್ತದೆ. ಸರಿಯಾದ ಚಿಲ್ಲರೆ ಇಟ್ಟುಕೊಂಡು ಹೋಗಿ.